‘ಕ್ರಾಸ್ ಹೋಗಿದೆ’: ತೋಟದ ಟ್ರ್ಯಾಕ್ಟರ್‌ನ ತಿರುಗುವ ಸರಳಿಗೂ ಒಂದು ಚರಿತ್ರೆ ಇದೆ

ಮುಂಗಾರಿನ ಹದ ಮಳೆ ಬಿದ್ದ ಎರಡು ಮೂರು ದಿನಕ್ಕೆ ಯಾವುದಾದರೂ ತಾಲ್ಲೂಕು ಕೇಂದ್ರದ ಗ್ಯಾರೇಜ್ ಕಡೆ ಹೋಗಿ ನೋಡಿ. ಹಳೇ ಡೀಸೆಲ್ ಮಿನಿ ಟ್ರ್ಯಾಕ್ಟರ್ ಒಂದಾದರೂ ಅಲ್ಲಿ ನಿಂತಿರುತ್ತದೆ. ಏನಾಗಿದೆ ಎಂದು ಕೇಳಿದರೆ ಮೆಕ್ಯಾನಿಕ್ ಎರಡೇ ಪದದಲ್ಲಿ ಹೇಳಿ ಮುಗಿಸುತ್ತಾರೆ: ‘ಕ್ರಾಸ್ ಹೋಗಿದೆ.’

ಎಂಜಿನ್ ಚೆನ್ನಾಗಿದೆ, ಟೈರ್ ಚೆನ್ನಾಗಿದೆ, ಡೀಸೆಲ್ ಇದೆ. ಆದರೂ ಗಾಡಿ ಹೊಲಕ್ಕೆ ಹೋಗುವಂತಿಲ್ಲ. ಎಂಜಿನ್ನಿನ ಶಕ್ತಿಯನ್ನು ರೋಟವೇಟರ್‌ಗೋ ಮುಂದಿನ ಚಕ್ರಕ್ಕೋ ಮುಟ್ಟಿಸುವ ಒಂದು ಸರಳು ಸವೆದು ಕೂತಿದೆ. ಹದ ಮಾತ್ರ ಯಾರಿಗೂ ಕಾಯುವುದಿಲ್ಲ. ಎರಡು ದಿನ ತಡವಾದರೆ ನೆಲ ಗಟ್ಟಿಯಾಗುತ್ತದೆ, ಬಿತ್ತನೆ ಮುಂದಕ್ಕೆ ಹೋಗುತ್ತದೆ.

ಈ ಸರಳಿಗೆ ನಮ್ಮ ಕಡೆ ಹಲವು ಹೆಸರು. ಪಿಟಿಒ ಶಾಫ್ಟ್, ಜಾಯಿಂಟ್ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್, ಕೆಲವರ ಬಾಯಲ್ಲಿ ಕಾರ್ಡನ್ ಶಾಫ್ಟ್. ಇದರ ಎರಡು ತುದಿಯಲ್ಲಿ ಕೂಡಿಸುವ ಚಿಹ್ನೆಯ ಆಕಾರದ ಒಂದು ತುಂಡು ಇರುತ್ತದೆ. ಅದೇ ಕ್ರಾಸ್. ಅಂಗೈಯಲ್ಲಿ ಹಿಡಿಸುವ ಈ ತುಂಡಿನ ಹಿಂದೆ ಇಟಲಿಯ ವೈದ್ಯರೊಬ್ಬರು, ಇಂಗ್ಲೆಂಡಿನ ವಿಜ್ಞಾನಿಯೊಬ್ಬರು, ಅಮೆರಿಕದ ವಿದ್ಯಾರ್ಥಿಯೊಬ್ಬರು, ಜಪಾನಿನ ಗದ್ದೆಗಳು, ನಮ್ಮ ಬೆಂಗಳೂರಿನ ಕಾರ್ಖಾನೆಯೊಂದು ಎಲ್ಲ ಇವೆ. ಆ ಕಥೆ ಗೊತ್ತಿದ್ದರೆ ಶಾಫ್ಟ್ ಯಾಕೆ ಸವೆಯುತ್ತದೆ, ಹೊಸದು ಹಾಕುವಾಗ ಏನು ನೋಡಬೇಕು, ಅದರ ಹತ್ತಿರ ನಿಂತವರ ಜೀವ ಹೇಗೆ ಉಳಿಸಬೇಕು ಎಂಬುದೂ ಗೊತ್ತಾಗುತ್ತದೆ. ಅದಕ್ಕೇ ಈ ಬರಹ.

ಗಾಣ, ಬೆಲ್ಟು, ಆಮೇಲೆ ಸರಳು

ಸುತ್ತುವ ಶಕ್ತಿ ನಮ್ಮ ಊರುಗಳಿಗೆ ಹೊಸದಲ್ಲ. ಎಣ್ಣೆ ಗಾಣದಲ್ಲಿ, ಕಬ್ಬಿನ ಗಾಣದಲ್ಲಿ ಎತ್ತು ಸುತ್ತು ಹೊಡೆಯುತ್ತಿತ್ತು. ಆದರೆ ಅಲ್ಲಿ ಒಂದು ಮಿತಿ ಇತ್ತು. ಶಕ್ತಿ ಎಲ್ಲಿ ಹುಟ್ಟುತ್ತದೋ ಕೆಲಸವೂ ಅಲ್ಲೇ ಆಗಬೇಕು. ಗಾಣವನ್ನು ಹೊಲದ ಉದ್ದಕ್ಕೂ ಎಳೆದುಕೊಂಡು ಹೋಗಲಾಗದು.

ಆಮೇಲೆ ಡೀಸೆಲ್ ಎಂಜಿನ್ ಬಂತು. ಅದರ ರಾಟೆಗೆ ಅಗಲವಾದ ಬೆಲ್ಟ್ ಹಾಕಿ ಹಿಟ್ಟಿನ ಗಿರಣಿ, ಪಂಪು, ಒಕ್ಕಣೆ ಯಂತ್ರ ಓಡಿಸಿದರು. ಹೊರದೇಶದ ಹಳೆಯ ಟ್ರ್ಯಾಕ್ಟರ್‌ಗಳ ಪಕ್ಕದಲ್ಲೂ ಇಂಥದೇ ರಾಟೆ ಇರುತ್ತಿತ್ತು. ಬೆಲ್ಟಿನ ಕೆಲಸಕ್ಕೆ ಟ್ರ್ಯಾಕ್ಟರ್ ಒಂದೇ ಜಾಗದಲ್ಲಿ ಅಲುಗಾಡದೆ ನಿಲ್ಲಬೇಕು. ನಡೆಯುತ್ತಲೇ ಹಿಂದಿನ ಯಂತ್ರಕ್ಕೆ ಶಕ್ತಿ ಕೊಡುವುದು ಬೆಲ್ಟಿನಿಂದ ಆಗುತ್ತಿರಲಿಲ್ಲ.

ನಡೆಯುವ ಯಂತ್ರದ ಕಷ್ಟ ಬೇರೆ. ಮುಂದಿನ ಟ್ರ್ಯಾಕ್ಟರ್ ಬದುವಿನ ಮೇಲೆ ಇರುತ್ತದೆ, ಹಿಂದಿನ ಉಪಕರಣ ತಗ್ಗಿನಲ್ಲಿ ಇರುತ್ತದೆ. ತಿರುವಿನಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ನೇರ ಸರಳು ಹಾಕಿದರೆ ಮುರಿಯುತ್ತದೆ. ಬಾಗಬೇಕು, ಬಾಗಿಕೊಂಡೇ ತಿರುಗಬೇಕು, ಉದ್ದ ಹೆಚ್ಚು ಕಡಿಮೆ ಆಗಬೇಕು. ಈ ಮೂರನ್ನೂ ಮಾಡುವುದು ಎರಡು ಕ್ರಾಸ್ ಮತ್ತು ಒಂದರೊಳಗೊಂದು ಜಾರುವ ಎರಡು ಪೈಪು.

ಕಾರ್ಡನ್ ಯಾರು, ಹುಕ್ ಯಾರು

ಗೆರೋಲಾಮೋ ಕಾರ್ಡಾನೋ ಇಟಲಿಯವರು. ಹುಟ್ಟಿದ್ದು 1501, ತೀರಿಕೊಂಡಿದ್ದು 1576. ವೃತ್ತಿಯಲ್ಲಿ ವೈದ್ಯರು, ಗಣಿತದಲ್ಲಿ ದೊಡ್ಡ ಹೆಸರು. ಒಂದರೊಳಗೊಂದು ಉಂಗುರಗಳನ್ನು ಸೇರಿಸಿ ನಡುವೆ ವಸ್ತುವನ್ನು ತೂಗಿಬಿಟ್ಟರೆ ಹೊರಗಿನದು ಎಷ್ಟೇ ಓಲಾಡಿದರೂ ಒಳಗಿನದು ಸಮತಟ್ಟಾಗಿ ಇರುತ್ತದೆ. ಹಡಗಿನ ದಿಕ್ಸೂಚಿ ನಿಲ್ಲುವುದು ಹೀಗೆ. ಈ ಏರ್ಪಾಡನ್ನು ಕಾರ್ಡಾನೋ 1550ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದನ್ನು ಕಂಡುಹಿಡಿದವರು ಅವರಲ್ಲ. ಅವರಿಗಿಂತ ಬಹಳ ಹಿಂದೆಯೇ ಗ್ರೀಕರಲ್ಲೂ ಚೀನೀಯರಲ್ಲೂ ಅದು ಬಳಕೆಯಲ್ಲಿತ್ತು. ಆದರೂ ಹೆಸರು ಅವರಿಗೇ ಅಂಟಿತು. ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಇಂದಿಗೂ ಈ ಶಾಫ್ಟಿಗೆ ಕಾರ್ಡನ್ ಎನ್ನುತ್ತಾರೆ. ನಮ್ಮ ಗ್ಯಾರೇಜ್‌ಗಳಲ್ಲಿ ಕೇಳಿಬರುವ ಕಾರ್ಡನ್ ಎಂಬ ಮಾತಿನ ಮೂಲ ಇದೇ.

ತೂಗುವ ಉಂಗುರ ಬೇರೆ, ತಿರುಗುವ ಜಾಯಿಂಟ್ ಬೇರೆ. ಬಾಗಿದ ಎರಡು ಸರಳುಗಳ ನಡುವೆ ಕ್ರಾಸ್ ಇಟ್ಟು ಒಂದರ ತಿರುಗಾಟವನ್ನು ಇನ್ನೊಂದಕ್ಕೆ ಮುಟ್ಟಿಸುವ ಜಾಯಿಂಟನ್ನು ಸ್ಪಷ್ಟವಾಗಿ ಬರೆದವರು ಇಂಗ್ಲೆಂಡಿನ ರಾಬರ್ಟ್ ಹುಕ್, 1676ರಲ್ಲಿ. ಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತು. ಸ್ಪ್ರಿಂಗ್ ಎಷ್ಟು ಎಳೆದರೆ ಎಷ್ಟು ಉದ್ದವಾಗುತ್ತದೆ ಎಂಬ ನಿಯಮ ಅವರದೇ, ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರು ನೋಡಿ ‘ಕೋಶ’ ಎಂಬ ಹೆಸರು ಕೊಟ್ಟವರೂ ಅವರೇ. ಅವರಿಗೆ ಜಾಯಿಂಟ್ ಬೇಕಾಗಿದ್ದು ಹೊಲಕ್ಕಲ್ಲ, ಸೂರ್ಯನನ್ನು ನೋಡುವ ಉಪಕರಣಕ್ಕೆ.

ಹುಕ್ ಗಮನಿಸಿದ ಒಂದು ಸಂಗತಿ ನಮಗೆ ಬಹಳ ಮುಖ್ಯ. ಒಂದೇ ಜಾಯಿಂಟ್ ಇದ್ದು ಅದು ಬಾಗಿದ್ದರೆ, ಈಚೆಯ ಸರಳು ಒಂದೇ ವೇಗದಲ್ಲಿ ತಿರುಗಿದರೂ ಆಚೆಯದು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನವಾಗುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಸವೆತದ ಮಾತು ಬಂದಾಗ ಇದೇ ಬೇಕಾಗುತ್ತದೆ.

ಚೈನಿನಿಂದ ಶಾಫ್ಟಿಗೆ

ಹುಕ್ ಬರೆದ ಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ರಸ್ತೆಯ ಗಾಡಿಗಳಿಗೆ ಈ ಜಾಯಿಂಟ್ ಬೇಕಾಗಲಿಲ್ಲ. ಮೋಟಾರು ಕಾರು ಬಂದಾಗಲೂ ಮೊದಮೊದಲು ಸೈಕಲ್ಲಿನಂತೆ ಚೈನಿನಲ್ಲೇ ಚಕ್ರ ತಿರುಗುತ್ತಿತ್ತು. ಧೂಳು ತುಂಬಿ ಚೈನು ಸವೆಯುವುದು, ಸದ್ದು ಮಾಡುವುದು, ಕಡಿದು ಬೀಳುವುದು ಸಾಮಾನ್ಯ. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತಮ್ಮ ಪುಟ್ಟ ಕಾರಿನಲ್ಲಿ ಚೈನು ತೆಗೆದು ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಾಫ್ಟ್ ಹಾಕಿದರು.

ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಾರೆನ್ಸ್ ಸ್ಪೈಸರ್ ಇದೇ ತಲೆನೋವಿಗೆ ಪರಿಹಾರ ಹುಡುಕಿದರು. ಗ್ರೀಸ್ ಒಳಗೇ ನಿಲ್ಲುವಂತೆ, ಧೂಳು ಒಳಹೋಗದಂತೆ ಮುಚ್ಚಿದ ಜಾಯಿಂಟ್ ಮಾಡಿ 1903ರಲ್ಲಿ ಪೇಟೆಂಟ್ ಪಡೆದರು. 1904ರಲ್ಲಿ ನ್ಯೂಜೆರ್ಸಿಯಲ್ಲಿ ತಯಾರಿಕೆ ಶುರುವಾಯಿತು. ಆ ಕಂಪನಿಯೇ ಮುಂದೆ ಡಾನಾ ಎಂಬ ಹೆಸರಿನಲ್ಲಿ ಬೆಳೆಯಿತು. ಸ್ಪೈಸರ್ ಎಂಬ ಹೆಸರು ಇಂದಿಗೂ ಬಿಡಿಭಾಗದ ಅಂಗಡಿಯ ಡಬ್ಬಿಗಳ ಮೇಲೆ ಕಾಣುತ್ತದೆ.

ಇಲ್ಲಿ ಒಂದು ಪಾಠ ಇದೆ. ಜಾಯಿಂಟ್ ತಿರುಗಬಲ್ಲದು ಎಂಬುದು ಹುಕ್‌ಗೇ ಗೊತ್ತಿತ್ತು. ಅದು ಧೂಳಿನಲ್ಲಿ, ಕೆಸರಿನಲ್ಲಿ ಬಾಳಿಕೆ ಬರುವಂತಾಗಿದ್ದು ಗ್ರೀಸ್ ಒಳಗೆ ನಿಂತ ಮೇಲೆ. ಕ್ರಾಸಿನ ಆಯಸ್ಸು ಅಂದೂ ಇಂದೂ ಗ್ರೀಸಿನ ಮೇಲೇ ನಿಂತಿದೆ.

ಟ್ರ್ಯಾಕ್ಟರ್ ಹಿಂದೆ ಬಂದ ಆರು ಹಲ್ಲು

ನೂರು ವರ್ಷಗಳ ಹಿಂದೆ ಅಮೆರಿಕ, ಯೂರೋಪಿನ ಗೋಧಿ ಹೊಲಗಳಲ್ಲಿ ಪೈರು ಕೊಯ್ದು ಕಂತೆ ಕಟ್ಟುವ ಯಂತ್ರ ಇತ್ತು. ಕುದುರೆ ಎಳೆಯುತ್ತಿತ್ತು. ಯಂತ್ರದ ದೊಡ್ಡ ಚಕ್ರ ನೆಲದ ಮೇಲೆ ಉರುಳುವಾಗ ಅದರ ತಿರುಗಾಟದಿಂದಲೇ ಕತ್ತಿಗಳು ಆಡುತ್ತಿದ್ದವು. ನೆಲ ಒದ್ದೆಯಾಗಿದ್ದರೆ ಚಕ್ರ ಜಾರುತ್ತಿತ್ತು, ಕತ್ತಿ ನಿಲ್ಲುತ್ತಿತ್ತು, ಬಲಿತ ಪೈರು ಕಣ್ಣೆದುರೇ ಹಾಳಾಗುತ್ತಿತ್ತು.

ಫ್ರಾನ್ಸಿನ ಆಲ್ಬೇರ್ ಗೂಜಿ 1906ರ ಹೊತ್ತಿಗೆ ಟ್ರ್ಯಾಕ್ಟರ್ ಎಂಜಿನ್ನಿನಿಂದಲೇ ನೇರವಾಗಿ ಶಾಫ್ಟ್ ಮೂಲಕ ಕೊಯ್ಲು ಯಂತ್ರ ಓಡಿಸಿ ತೋರಿಸಿದರು. ಆ ವಿಚಾರವನ್ನು ಮಾರುಕಟ್ಟೆಗೆ ತಂದಿದ್ದು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ. 1918ರಲ್ಲಿ ಅದರ 8-16 ಎಂಬ ಮಾದರಿಗೆ ಹಿಂದಿನಿಂದ ಶಕ್ತಿ ತೆಗೆಯುವ ವ್ಯವಸ್ಥೆ ಸಿಕ್ಕಿತು. ನಾವು ಇಂದು ಪಿಟಿಒ ಎನ್ನುವುದು ಇದನ್ನೇ. ನೆಲ ಒದ್ದೆ ಇರಲಿ, ಒಣಗಿರಲಿ, ಎಂಜಿನ್ ಓಡುತ್ತಿದ್ದರೆ ಸಾಕು, ಯಂತ್ರ ಕೆಲಸ ಮಾಡುತ್ತದೆ.

ಆದರೆ ಒಂದೊಂದು ಕಂಪನಿಯ ಟ್ರ್ಯಾಕ್ಟರ್‌ಗೆ ಒಂದೊಂದು ಅಳತೆಯ ಶಾಫ್ಟ್ ಆದರೆ ರೈತ ಏನು ಮಾಡಬೇಕು? 1920ರ ದಶಕದಲ್ಲಿ ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಕೂತು ಒಂದು ಗುಣಮಟ್ಟ ಗೊತ್ತುಮಾಡಿತು. ಒಂದು ಮತ್ತು ಮೂರೆಂಟಾಂಶ ಇಂಚು ದಪ್ಪ, ಅಂದರೆ ಸುಮಾರು 35 ಮಿಲಿಮೀಟರ್. ಮೈಮೇಲೆ ಆರು ಹಲ್ಲು. ನಿಮಿಷಕ್ಕೆ ಸುಮಾರು 540 ಸುತ್ತು. ನಿಮ್ಮ ಮನೆಯ ಟ್ರ್ಯಾಕ್ಟರ್ ಹಿಂದೆ ಹೋಗಿ ಎಣಿಸಿ ನೋಡಿ, ಬಹುತೇಕ ಆರೇ ಹಲ್ಲು ಸಿಗುತ್ತವೆ. ಪಕ್ಕದ ಊರಿನವರ ರೋಟವೇಟರ್ ನಿಮ್ಮ ಟ್ರ್ಯಾಕ್ಟರ್‌ಗೆ ಸೇರುವುದು ಆ ಒಪ್ಪಂದದಿಂದ.

ಇನ್ನೂ ಒಂದು ತೊಡಕು ಉಳಿದಿತ್ತು. ಆ ಕಾಲದ ಟ್ರ್ಯಾಕ್ಟರ್‌ನಲ್ಲಿ ಕ್ಲಚ್ ತುಳಿದರೆ ಗಾಡಿಯ ಜೊತೆ ಪಿಟಿಒ ಕೂಡ ನಿಲ್ಲುತ್ತಿತ್ತು. ಪೈರು ದಟ್ಟವಾಗಿದ್ದ ಕಡೆ ಗಾಡಿ ನಿಲ್ಲಿಸಿ ಯಂತ್ರ ಮಾತ್ರ ಓಡಿಸಲು ಆಗುತ್ತಿರಲಿಲ್ಲ. ಕೆನಡಾದ ಕಾಕ್‌ಶಟ್ ಕಂಪನಿ 1946ರಲ್ಲಿ ತಂದ 30 ಎಂಬ ಮಾದರಿಯಲ್ಲಿ ಎರಡನ್ನೂ ಬೇರೆ ಬೇರೆ ನಿಲ್ಲಿಸುವ ಅನುಕೂಲ ಇತ್ತು. ಇಂದು ಮಾರಾಟಗಾರರು ‘ಡ್ಯುಯಲ್ ಕ್ಲಚ್ ಇದೆ’ ಎಂದು ಹೇಳುವುದು ಇದೇ ತೊಡಕಿಗೆ ಸಿಕ್ಕ ಉತ್ತರ.

ಎತ್ತುವ ಕೈ, ಕೊಚ್ಚುವ ಬ್ಲೇಡು

ಶಾಫ್ಟಿಗೆ ಹೆಚ್ಚು ಕೆಲಸ ಬಂದಿದ್ದು ಎರಡು ಆವಿಷ್ಕಾರಗಳಿಂದ.

ಒಂದು, ರೋಟವೇಟರ್. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ 1912ರಲ್ಲಿ ತಂದೆಯ ಜಮೀನಿನಲ್ಲಿ ಸುತ್ತುವ ಬ್ಲೇಡುಗಳಿಂದ ಮಣ್ಣು ಕೊಚ್ಚುವ ಪ್ರಯೋಗ ಶುರುಮಾಡಿದರು. ನೇಗಿಲು ಮಣ್ಣನ್ನು ಮಗುಚುತ್ತದೆ, ಇದು ಪುಡಿ ಮಾಡುತ್ತದೆ. ರೋಟವೇಟರ್ ಎಂಬುದು ಅವರ ಯಂತ್ರದ ಹೆಸರು. ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೂ ಅದೇ ಹೆಸರು ಬರುತ್ತದೆ.

ಇನ್ನೊಂದು, ಮೂರು ತೋಳಿನ ಹೈಡ್ರಾಲಿಕ್. ಐರ್ಲೆಂಡ್ ಮೂಲದ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ವ್ಯವಸ್ಥೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರ್ ಮೂಲಕ ಜಗತ್ತಿಗೆ ಹರಡಿತು. ಉಪಕರಣವನ್ನು ಹಿಂದೆ ಎಳೆಯುವ ಬದಲು ಟ್ರ್ಯಾಕ್ಟರ್ ಅದನ್ನು ಹೊತ್ತುಕೊಂಡಿತು. ಲಿವರ್ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ.

ಎರಡೂ ಸೇರಿದಾಗ ಏನಾಯಿತು ನೋಡಿ. ರೋಟವೇಟರ್ ನೆಲದಲ್ಲಿದ್ದಾಗ ಶಾಫ್ಟ್ ಹೆಚ್ಚು ಕಡಿಮೆ ನೇರ. ಸಾಲಿನ ಕೊನೆಯಲ್ಲಿ ಗಾಡಿ ತಿರುಗಿಸಲು ಉಪಕರಣ ಎತ್ತಿದಾಗ ಶಾಫ್ಟ್ ಬಾಗುತ್ತದೆ. ಪಿಟಿಒ ನಿಲ್ಲಿಸದೆ ಎತ್ತಿದರೆ ಬಾಗಿದ ಸ್ಥಿತಿಯಲ್ಲೇ ತಿರುಗುತ್ತದೆ. ಒಂದು ಎಕರೆಗೆ ಇಂಥ ತಿರುವು ಎಷ್ಟು ಬರುತ್ತವೆ, ನೀವೇ ಲೆಕ್ಕ ಹಾಕಿ.

ಜಪಾನಿನ ಗದ್ದೆಯಿಂದ ನಮ್ಮ ಅಡಿಕೆ ತೋಟಕ್ಕೆ

ಅಮೆರಿಕದ ಟ್ರ್ಯಾಕ್ಟರ್ ಅಮೆರಿಕದ ಹೊಲದ ಅಳತೆಯದು. ಜಪಾನಿನ ಗದ್ದೆಗಳು ನಮ್ಮ ಮಲೆನಾಡಿನಂತೆ ಚಿಕ್ಕವು, ಕೆಸರಿನವು. ಅಲ್ಲಿಗೆ ಚಿಕ್ಕ ಎಂಜಿನ್ ಬೇಕಿತ್ತು. ಒಸಾಕಾದ ಮಾಗೋಕಿಚಿ ಯಾಮಾವೋಕಾ ಸ್ಥಾಪಿಸಿದ ಯನ್ಮಾರ್ ಕಂಪನಿ 1933ರಲ್ಲಿ ಚಿಕ್ಕ ಡೀಸೆಲ್ ಎಂಜಿನ್ ತಯಾರಿಸಿತು. ಒಳ್ಳೆಯ ಬೆಳೆ ಬಂದ ವರ್ಷ ಗದ್ದೆಯ ಮೇಲೆ ಹಾರುವ ಕೊಡತಿ ಹುಳದ, ಅಂದರೆ ಏರೋಪ್ಲೇನ್ ಚಿಟ್ಟೆಯ, ಜಪಾನಿ ಹೆಸರಿನಿಂದ ಆ ಕಂಪನಿಯ ಹೆಸರು ಬಂತು. ಕುಬೋಟಾ ಕಂಪನಿ 1960ರಲ್ಲಿ ಕೂತು ಓಡಿಸುವ ಟ್ರ್ಯಾಕ್ಟರ್ ಹೊರತಂದಿತು. 1970ರ ದಶಕದಲ್ಲಿ ಜಪಾನಿನ ಚಿಕ್ಕ ಡೀಸೆಲ್ ಟ್ರ್ಯಾಕ್ಟರ್‌ಗಳು ಅಮೆರಿಕದ ಮನೆ ತೋಟಗಳಿಗೂ ಹೋದವು.

ನಮ್ಮ ದೇಶದಲ್ಲಿ ಐಷರ್ ಕಂಪನಿ ಫರೀದಾಬಾದ್‌ನಲ್ಲಿ 1959ರಲ್ಲಿ ಟ್ರ್ಯಾಕ್ಟರ್ ತಯಾರಿಸಲು ಆರಂಭಿಸಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಝೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್‌ಗೆ ಕೈಹಾಕಿತು. ಇವು ಬಯಲಿನ ಗಾಡಿಗಳು. ತೋಟಕ್ಕೆ ಬಂದ ದಾರಿ ಬೇರೆ. 1967ರಲ್ಲಿ ಬೆಂಗಳೂರಿನ ವಿಎಸ್‌ಟಿ ಸಮೂಹ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಕಂಪನಿ ಕಟ್ಟಿತು. ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಶುರುವಾದ ಕಾಮ್ಕೋ ಸಂಸ್ಥೆ ಕುಬೋಟಾ ತಂತ್ರಜ್ಞಾನದ ಟಿಲ್ಲರ್ ಕೊಟ್ಟಿತು. ಭತ್ತದ ಗದ್ದೆ, ಅಡಿಕೆ ತೋಟಗಳಿಗೆ ಇವೇ ಮೊದಲ ಯಂತ್ರ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪವರ್ ಟಿಲ್ಲರ್‌ನಲ್ಲಿ ಎಂಜಿನ್ನಿನಿಂದ ಶಕ್ತಿ ಹೋಗುವುದು ವಿ ಬೆಲ್ಟು, ಗೇರು, ಚೈನುಗಳ ಮೂಲಕ. ಅದರಲ್ಲಿ ಈ ಕ್ರಾಸ್ ಶಾಫ್ಟ್ ಇಲ್ಲ. ವರ್ಷಗಟ್ಟಲೆ ಟಿಲ್ಲರ್ ಹಿಡಿದ ಕೈ 18.5 ಎಚ್‌ಪಿಯ ಶಕ್ತಿ ಎಂಟಿ 180ಡಿಯಂಥ ಮಿನಿ ಟ್ರ್ಯಾಕ್ಟರ್‌ಗೆ ಬಂದಾಗ ಮೊದಲ ಸಲ ಈ ಸರಳನ್ನು ಕಂಡಿತು. ಬೆಲ್ಟಿಗೆ ಗ್ರೀಸ್ ಹಾಕುವ ರೂಢಿ ಇಲ್ಲ, ಕ್ರಾಸಿಗೆ ಗ್ರೀಸ್ ಇಲ್ಲದೆ ಬದುಕಿಲ್ಲ. ಒಂಬತ್ತು ಅಡಿ ಅಂತರದ ಅಡಿಕೆ ಸಾಲುಗಳ ನಡುವೆ ಗಳಿಗೆಗೊಂದು ತಿರುವು ಬೇರೆ. ತೋಟದ ಶಾಫ್ಟ್ ಬಯಲಿನ ಶಾಫ್ಟಿಗಿಂತ ಬೇಗ ದಣಿಯಲು ಇವೆರಡೂ ಕಾರಣ.

ಹುಕ್ ಲೆಕ್ಕ, ನಮ್ಮ ಸವೆತ

ಈಗ ಹಳೆಯ ಲೆಕ್ಕಕ್ಕೆ ಬರೋಣ. ಪಿಟಿಒ 540 ಸುತ್ತಿನಲ್ಲಿ ಇದೆ ಅಂದುಕೊಳ್ಳಿ. ಒಂದು ಜಾಯಿಂಟ್ 10 ಡಿಗ್ರಿ ಬಾಗಿದ್ದರೆ ಆಚೆ ತುದಿಯ ವೇಗ 532ರಿಂದ 548ರ ನಡುವೆ ಓಲಾಡುತ್ತದೆ. ಇದು ತಡೆಯಬಹುದಾದದ್ದು. 20 ಡಿಗ್ರಿಗೆ 507ರಿಂದ 575. 30 ಡಿಗ್ರಿಗೆ 468ರಿಂದ 624. ಸೆಕೆಂಡಿಗೆ ಒಂಬತ್ತು ಸುತ್ತು, ಸುತ್ತಿಗೆ ಎರಡು ಸಲ ಎಂದರೆ ಸೆಕೆಂಡಿಗೆ ಹದಿನೆಂಟು ಸಲ ಕ್ರಾಸಿನ ಮೇಲೆ ಸುತ್ತಿಗೆ ಏಟು ಬಿದ್ದಂತೆ.

ಎರಡು ತುದಿಯಲ್ಲಿ ಎರಡು ಜಾಯಿಂಟ್ ಇರುವುದು ಈ ಏಟನ್ನು ಕಳೆಯಲು. ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಸರಿಮಾಡುತ್ತದೆ. ಆದರೆ ಷರತ್ತು ಎರಡು. ಎರಡೂ ಕಡೆ ಬಾಗು ಒಂದೇ ಸಮ ಇರಬೇಕು. ನಡುವಿನ ಪೈಪಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿ, ಒಂದೇ ಮುಖವಾಗಿ ಇರಬೇಕು.

ಎರಡನೇ ಷರತ್ತೇ ರಿಪೇರಿಯಲ್ಲಿ ತಪ್ಪುವುದು. ಚೌಕ ಪೈಪಿನ ಶಾಫ್ಟನ್ನು ಬಿಚ್ಚಿ ಮತ್ತೆ ಸೇರಿಸುವಾಗ 90 ಡಿಗ್ರಿ ತಿರುಗಿಸಿ ಸೇರಿಸಿದರೂ ಅದು ಒಳಗೆ ಹೋಗುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಆಗ ಎರಡು ಜಾಯಿಂಟ್ ಒಂದನ್ನೊಂದು ಸರಿಮಾಡುವ ಬದಲು ಏರಿಳಿತವನ್ನು ಕೂಡಿಸುತ್ತವೆ. 20 ಡಿಗ್ರಿ ಬಾಗಿನಲ್ಲಿ ವೇಗ 477ರಿಂದ 612ರವರೆಗೆ ಹಾರಾಡುತ್ತದೆ. ಹೊಸ ಕ್ರಾಸ್ ಬೇಗ ಹೋಗುತ್ತದೆ, ದೂರು ‘ಮಾಲು ಡೂಪ್ಲಿಕೇಟ್’ ಎಂದು ಅಂಗಡಿಯವರ ಮೇಲೆ ಬರುತ್ತದೆ.

ಸವೆತ ಗುರುತಿಸುವುದು ಕಷ್ಟವಲ್ಲ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಜಾಯಿಂಟಿನ ಎರಡೂ ಕಡೆ ಹಿಡಿದು ಎದುರು ಬದುರು ತಿರುಚಿ. ಕೈಗೆ ಸಡಿಲ ಸಿಕ್ಕರೆ ಒಳಗಿನ ಸೂಜಿ ಬೇರಿಂಗ್ ಹೋಗಿದೆ. ಕಪ್ಪಿನ ಸುತ್ತ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಗ್ರೀಸ್ ಒಣಗಿ ಉಕ್ಕು ಉಕ್ಕನ್ನು ತಿನ್ನುತ್ತಿದೆ. ಪಿಟಿಒ ಹಾಕಿದ ಕ್ಷಣ ‘ಟಕ್’ ಎಂಬ ಸದ್ದು, ಸೀಟಿಗೆ ಬರುವ ನಡುಕ ಇವೂ ಅದರದ್ದೇ ಗುರುತು.

ಹೊಸದು ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು ಇಷ್ಟು:

- ಬಿಚ್ಚುವ ಮೊದಲೇ ಎರಡು ಪೈಪಿನ ಮೇಲೂ ಸೇರುವಂತೆ ಒಂದು ಗೆರೆ ಎಳೆಯಿರಿ. ಮತ್ತೆ ಸೇರಿಸುವಾಗ ಗೆರೆಗೆ ಗೆರೆ ಕೂಡಿಸಿ, ಕವಲುಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಹಿಂದೆ ಬಿಚ್ಚಿದವರು ತಪ್ಪಿ ಸೇರಿಸಿದ್ದರೆ ಗೆರೆಯನ್ನಲ್ಲ, ಕವಲನ್ನು ನಂಬಿ.
- ಕಪ್ಪಿನ ದಪ್ಪ, ಕ್ರಾಸಿನ ಉದ್ದ ಎರಡನ್ನೂ ಅಳೆದು ಹೊಸದು ತನ್ನಿ. ಹಳೇ ತುಂಡನ್ನೇ ಅಂಗಡಿಗೆ ಒಯ್ದರೆ ಉತ್ತಮ.
- ಕಪ್ಪನ್ನು ಕೂರಿಸಲು ವೈಸ್ ಬಳಸಿ. ಕವಲಿನ ಕಿವಿಗೆ ಸುತ್ತಿಗೆಯಿಂದ ಹೊಡೆದರೆ ಕಿವಿ ಬಾಗುತ್ತದೆ. ಒಳಗೆ ಒಂದು ಸೂಜಿ ಉರುಳಿ ಬಿದ್ದರೂ ಲಾಕ್ ರಿಂಗ್ ಜಾಗಕ್ಕೆ ಕೂರದು. ಆಗ ಒತ್ತಿ ಕೂರಿಸಬೇಡಿ, ಬಿಚ್ಚಿ ನೋಡಿ.
- ಗ್ರೀಸ್ ನಿಪ್ಪಲ್‌ಗೆ ಗನ್ ತಲುಪುವಂತೆ ಮುಖ ಇರಲಿ. ತಲುಪದ ನಿಪ್ಪಲ್‌ಗೆ ಯಾರೂ ಗ್ರೀಸ್ ಹಾಕುವುದಿಲ್ಲ. ದಿನಕ್ಕೊಮ್ಮೆ, ಸುಮಾರು ಎಂಟು ಗಂಟೆ ಕೆಲಸಕ್ಕೊಮ್ಮೆ ಗ್ರೀಸ್ ಬೇಕು.
- ಉದ್ದ ನೋಡಿ. ಉಪಕರಣ ಎತ್ತಿ ಇಳಿಸಿದಾಗ ಎಲ್ಲಿಯೂ ಎರಡು ಪೈಪು ಪೂರ್ತಿ ಒಳಹೋಗಿ ಗುದ್ದಬಾರದು. ಪೂರ್ತಿ ಎಳೆದಾಗಲೂ ಉದ್ದದ ಮೂರರಲ್ಲಿ ಒಂದು ಭಾಗ ಒಂದರೊಳಗೊಂದು ಉಳಿದಿರಬೇಕು.
- ಶಿಯರ್ ಬೋಲ್ಟ್ ಇರುವ ಕಡೆ ಅದರದೇ ಬೋಲ್ಟ್ ಹಾಕಿ. ಕಲ್ಲು ಸಿಕ್ಕಾಗ ಮುರಿಯಲೆಂದೇ ಇಟ್ಟ ಅಗ್ಗದ ಬೋಲ್ಟ್ ಅದು. ಗಟ್ಟಿ ಬೋಲ್ಟ್ ಹಾಕಿದರೆ ಅದರ ಬದಲು ಗೇರ್ ಬಾಕ್ಸ್ ಮುರಿಯುತ್ತದೆ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಹಳೇ ಗಾಡಿಯಾದರೆ ಹೊಟ್ಟೆಯ ಕೆಳಗೆ ಇನ್ನೊಂದು ಶಾಫ್ಟ್ ಇರುತ್ತದೆ, ಮುಂದಿನ ಆಕ್ಸಲ್‌ಗೆ ಹೋಗುವುದು. ಅದು ಸಾಮಾನ್ಯವಾಗಿ ಸವೆಯುವುದು ತುದಿಯ ಹಲ್ಲುಗಳಲ್ಲಿ. ಹೊಸ ಸ್ಲೀವ್ ತಂದು ಸವೆದ ಹಲ್ಲಿನ ಮೇಲೆ ಕೂರಿಸಿದರೆ ಹೊಸದನ್ನೂ ಹಳೆಯದು ತಿನ್ನುತ್ತದೆ. ಎರಡನ್ನೂ ನೋಡಬೇಕು. ಮೂಲ ಕಾರಣ ಬಹಳ ಸಲ ಟೈರಿನಲ್ಲಿ ಇರುತ್ತದೆ. ಮುಂದಿನ, ಹಿಂದಿನ ಚಕ್ರದ ಅಳತೆಗೆ ಒಂದು ಲೆಕ್ಕ ಇದೆ. ಸಿಕ್ಕ ಅಳತೆಯ ಟೈರ್ ಹಾಕಿದರೆ, ಇಲ್ಲವೇ ಡಾಂಬರು ರಸ್ತೆಯಲ್ಲೂ ಮುಂದಿನ ಚಕ್ರದ ಗೇರ್ ತೆಗೆಯದೆ ಓಡಿಸಿದರೆ, ಮುಂದೆ ಹಿಂದೆ ಎಳೆದಾಟ ಶುರುವಾಗಿ ಆ ಶಾಫ್ಟ್ ಬಟ್ಟೆ ಹಿಂಡಿದಂತೆ ಹಿಂಡಿಸಿಕೊಳ್ಳುತ್ತದೆ.

ಕಳೆದುಹೋದ ಕವರ್

ಇಷ್ಟು ಹೊತ್ತು ಉಕ್ಕಿನ ಮಾತು. ಈಗ ಮನುಷ್ಯರ ಮಾತು.

ಶಾಫ್ಟ್ ಬಂದ ಕೆಲವೇ ವರ್ಷಗಳಲ್ಲಿ ಅದರ ಅಪಾಯವೂ ಗೊತ್ತಾಗಿತ್ತು. ಮೊದಲು ಮೇಲೆ ಬೋರಲು ದೋಣಿಯಂತೆ ತಗಡು ಮುಚ್ಚಿದರು. ಆಮೇಲೆ ಶಾಫ್ಟಿನ ಸುತ್ತಲೂ ಪ್ಲಾಸ್ಟಿಕ್ ಕವರ್ ಬಂತು. ಶಾಫ್ಟ್ ಒಳಗೆ ತಿರುಗುತ್ತದೆ, ಕವರ್ ಒಂದು ಸಣ್ಣ ಸರಪಳಿಯಲ್ಲಿ ಸುಮ್ಮನೆ ನಿಲ್ಲುತ್ತದೆ. ನಮ್ಮ ಕಡೆ ಹೊಸ ರೋಟವೇಟರ್ ಜೊತೆ ಕವರ್ ಬರುತ್ತದೆ. ಎರಡು ಮೂರು ಹಂಗಾಮು ಕಳೆದ ಶಾಫ್ಟುಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಗ್ರೀಸ್ ಹಾಕಲು ಅಡ್ಡ ಎಂದು ತೆಗೆದದ್ದು, ಬಿಸಿಲಿಗೆ ಸೀಳಿದ್ದು, ಸರಪಳಿ ಕಳೆದುಹೋಗಿ ಕಿತ್ತು ಬಿಸಾಕಿದ್ದು.

ಒಂದು ಲೆಕ್ಕ ಮಾಡಿ. ಶಾಫ್ಟಿನ ಪೈಪು 5 ಸೆಂಟಿಮೀಟರ್ ದಪ್ಪ ಇದ್ದರೆ ಒಂದು ಸುತ್ತಿಗೆ ಸುಮಾರು 16 ಸೆಂಟಿಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಒಂಬತ್ತು ಸುತ್ತು ಎಂದರೆ ಸುಮಾರು ಒಂದೂವರೆ ಮೀಟರ್. ಸುತ್ತಿದಷ್ಟೂ ದಪ್ಪವಾಗಿ ವೇಗ ಇನ್ನೂ ಹೆಚ್ಚುತ್ತದೆ. ಏನಾಯಿತು ಎಂದು ತಲೆಗೆ ಹೊಳೆಯುವ ಹೊತ್ತಿಗೆ ಸೆರಗು, ಪಂಚೆಯ ಚುಂಗು, ಹೆಗಲ ಟವೆಲ್ಲು ಎಲ್ಲ ಒಳಗೆ ಹೋಗಿ ಆಗಿರುತ್ತದೆ. ಕೈಯಿಂದ ಎಳೆದು ಬಿಡಿಸುತ್ತೇನೆ ಎನ್ನುವುದಕ್ಕೆ ಸಮಯವೇ ಇಲ್ಲ. ಸವೆದ ಶಾಫ್ಟ್ ಇನ್ನೂ ಅಪಾಯ. ಎದ್ದ ಬೋಲ್ಟು, ಹೊರಗೆ ಬಂದ ಪಿನ್ನು ಬಟ್ಟೆಗೆ ಕೊಕ್ಕೆಯಾಗುತ್ತದೆ. ತುಂಡಾದ ಶಾಫ್ಟ್ ತಿರುಗುತ್ತಲೇ ಬೀಸಿ ಹೊಡೆಯುತ್ತದೆ.

ಇಂಥ ಸುದ್ದಿ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ‘ಯಂತ್ರಕ್ಕೆ ಸಿಲುಕಿ’ ಎಂಬಲ್ಲಿಗೆ ವಾಕ್ಯ ನಿಲ್ಲುತ್ತದೆ. ಯಾವ ಭಾಗಕ್ಕೆ, ಕವರ್ ಇತ್ತೇ ಇಲ್ಲವೇ ಎಂಬ ಪ್ರಶ್ನೆ ಪೊಲೀಸ್ ಟಿಪ್ಪಣಿಯಲ್ಲೂ ವಿರಳ. ಹಾಗಾಗಿ ಒಂದು ಊರಿನ ಸಾವು ಇನ್ನೊಂದು ಊರಿಗೆ ಪಾಠವಾಗುವುದಿಲ್ಲ.

ಕಾನೂನು ಇಲ್ಲದೆ ಇಲ್ಲ. ಹಸಿರು ಕ್ರಾಂತಿಯ ನಂತರ ಉತ್ತರ ಭಾರತದಲ್ಲಿ ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟವರು ಹೆಚ್ಚಾದಾಗ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ತಯಾರಕರಿಗೆ ಕಟ್ಟುಪಾಡು, ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಅದರಲ್ಲಿವೆ. ಅದರ ಮುಖ್ಯ ಗುರಿ ಒಕ್ಕಣೆ ಯಂತ್ರ. ತೋಟದ ಟ್ರ್ಯಾಕ್ಟರ್ ಹಿಂದೆ ತಿರುಗುವ ಸರಳು ಆ ಕಾಲದಲ್ಲಿ ಯಾರ ಕಣ್ಣಿಗೂ ದೊಡ್ಡದಾಗಿ ಬಿದ್ದಿರಲಿಲ್ಲ.

ಈಗ ಯಂತ್ರ ಕೈಯಿಂದ ಕೈಗೆ ಹೋಗುವ ಕಾಲ. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿವೆ, ಊರೂರಲ್ಲಿ ಖಾಸಗಿ ಬಾಡಿಗೆ ಇದೆ. ಒಂದೇ ರೋಟವೇಟರ್ ಇಂದು ಒಂದು ಟ್ರ್ಯಾಕ್ಟರ್‌ಗೆ, ನಾಳೆ ಇನ್ನೊಂದಕ್ಕೆ. ನೂರು ವರ್ಷದ ಹಿಂದಿನ ಆ ಒಪ್ಪಂದ ಹಲ್ಲಿನ ಅಳತೆಯನ್ನು ಒಂದು ಮಾಡಿತು, ಶಾಫ್ಟಿನ ಉದ್ದವನ್ನಲ್ಲ. ಸೇರಿತು ಎಂದ ಮಾತ್ರಕ್ಕೆ ಸರಿಹೋಯಿತು ಎಂದಲ್ಲ. ದೊಡ್ಡ ಗಾಡಿಯ ಶಾಫ್ಟ್ ಚಿಕ್ಕ ಗಾಡಿಗೆ ಹಾಕಿದರೆ ಎತ್ತಿದಾಗ ಗುದ್ದುತ್ತದೆ. ಚಿಕ್ಕದನ್ನು ದೊಡ್ಡದಕ್ಕೆ ಹಾಕಿದರೆ ಇಳಿಸಿದಾಗ ಕಳಚುತ್ತದೆ.

ಹಾಗಾಗಿ ಬಾಡಿಗೆಗೆ ತರುವಾಗ ಬ್ಲೇಡ್ ಮಾತ್ರ ಎಣಿಸಬೇಡಿ. ಕ್ರಾಸ್ ತಿರುಚಿ ನೋಡಿ, ಉದ್ದ ನೋಡಿ, ಕವರ್ ಕೇಳಿ. ಕವರ್ ಇಲ್ಲದಿದ್ದರೆ ಬೇರೆ ಕೊಡಿ ಎನ್ನಿ. ಕ್ರಾಸ್ ಬದಲಿಸಲು ಗ್ಯಾರೇಜಿಗೆ ಹೋದ ದಿನವೇ ಒಂದು ಹೊಸ ಕವರೂ ಸರಪಳಿಯೂ ಹಾಕಿಸಿಕೊಂಡು ಬನ್ನಿ. ಪಿಟಿಒ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಬಂದ ಮೇಲೆಯೇ ಶಾಫ್ಟ್ ಹತ್ತಿರ ಹೋಗುವುದು ಎಂಬ ನಿಯಮ ಮನೆಯ ಮಕ್ಕಳಿಗೂ ಕೂಲಿಗೆ ಬಂದವರಿಗೂ ಒಂದೇ ಇರಲಿ.

ಇಟಲಿಯಿಂದ ಹೊರಟು ಇಂಗ್ಲೆಂಡ್, ಅಮೆರಿಕ, ಜಪಾನ್, ಬೆಂಗಳೂರು ಸುತ್ತಿ ನಮ್ಮ ತೋಟಕ್ಕೆ ಬಂದ ಸರಳು ಇದು. ಪ್ರತಿ ಊರಿನಲ್ಲೂ ಯಾರೋ ಅದಕ್ಕೆ ಏನೋ ಒಂದನ್ನು ಸೇರಿಸಿದ್ದಾರೆ. ಅದರ ಕವರ್ ಅನ್ನು ಮತ್ತೆ ಸೇರಿಸುವುದು ನಮ್ಮ ಊರಿನ ಪಾಲಿನ ಕೆಲಸ.